ಬೇವೂರ ದಾರಿಯಲ್ಲಿ ಟರ್ಬೊ ವಿಚಾರ

ಬಾಗಲಕೋಟೆಗೂ ಹುನಗುಂದಕ್ಕೂ ನಡುವಣ ಸೀಮೆಯು ಹೊರಗಿನಿಂದ ಬಂದವರ ಕಣ್ಣಿಗೆ ಮೊದಲು ಬಡವಾಗಿಯೇ ಕಾಣುವುದು. ಮಲೆನಾಡಿನ ಹಸುರನ್ನು ಕಂಡು ಬಂದವರಿಗೆ ಇಲ್ಲಿಯ ಎರೆಹೊಲಗಳೂ, ಕಲ್ಲು ಚೆಲ್ಲಿದ ಬೋರೆಗಳೂ, ದೂರದಲ್ಲಿ ಕೆಂಪಗೆ ಮಲಗಿದ ಗುಡ್ಡಗಳೂ ಮನಸ್ಸಿಗೆ ಹಿಡಿಸಬೇಕಾದರೆ ಒಂದೆರಡು ದಿನವಾದರೂ ಬೇಕು. ಅದರಲ್ಲಿಯೂ ಯುಗಾದಿಯ ಹೊತ್ತಿಗೆ ಹಿಂಗಾರಿಯ ಜೋಳ ಕಡಲೆಗಳ ಸುಗ್ಗಿ ಮುಗಿದಿರುತ್ತದೆ. ನೆಲವು ಬಿರುಕು ಬಿಟ್ಟು ಮಳೆಯ ದಾರಿ ನೋಡುತ್ತಿರುತ್ತದೆ. ಮಧ್ಯಾಹ್ನದ ಬಿಸಿಲು 40 ಡಿಗ್ರಿಯ ಸುತ್ತಮುತ್ತ ಏರಿರುತ್ತದೆ. ಅಂಥ ದಿನಗಳಲ್ಲಿ ಬಾಗಲಕೋಟೆ ತಾಲೂಕಿನ ಬೇವೂರಿಗೆ ಹೋಗುವವರಿಗೆ ಆ ಊರಿನ ಹೆಸರಿನಲ್ಲಿರುವ ಬೇವು ಬರಿಯ ಹೆಸರಾಗಿ ಉಳಿಯದೆ ನೆರಳಾಗಿ ದೊರೆಯುವುದು. ಹೂ ಬಿಟ್ಟ ಬೇವಿನ ಕೆಳಗೆ ಹೊರಸು ಹಾಕಿಕೊಂಡು ಕುಳಿತವನಿಗೆ ಆ ಬಿಸಿಲೂ ದೂರದ ಸಂಗತಿಯಾಗಿ ತೋರುವುದು.

ನಮ್ಮ ತಂಗಿಯನ್ನು ಆ ಊರಿಗೆ ಕೊಟ್ಟಿದ್ದೇವೆ. ಆಕೆಯ ಮಗನು ಕೆಲವು ವರ್ಷಗಳಿಂದ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ನೌಕರಿಯಲ್ಲಿದ್ದಾನೆ. ಯುಗಾದಿಗೆಂದು ರಜೆಯ ಮೇಲೆ ಬಂದಿದ್ದ ಅವನನ್ನು ಕರೆದುಕೊಂಡು ನಾವು ಬೇವೂರು, ಹುನಗುಂದ, ಇಳಕಲ್ಲು, ಬಾದಾಮಿಗಳನ್ನು ನಾಲ್ಕು ದಿನಗಳಲ್ಲಿ ಸುತ್ತಿ ಬಂದೆವು. ಆ ನಾಲ್ಕು ದಿನಗಳಲ್ಲಿ ನೋಡಿದ್ದೆಷ್ಟೋ ವಾದಿಸಿದ್ದೂ ಅಷ್ಟೇ. ವಾದದ ವಿಷಯವು ಅವನು ಅಲ್ಲಿ ಇಟ್ಟುಕೊಂಡಿರುವ ಒಂದು ಹಳೆಯ ಮೋಟಾರು. ಹಲವು ವರ್ಷ ಪಾಲಿಟೆಕ್ನಿಕ್ಕಿನ ಹುಡುಗರಿಗೆ ಯಂತ್ರಶಾಸ್ತ್ರವನ್ನು ಕಲಿಸಿದ ನಮಗೆ ಇಂಥ ವಾದವು ಸಿಹಿಯೂಟಕ್ಕಿಂತ ಹೆಚ್ಚಿನದೆಂಬುದನ್ನು ಬಲ್ಲ ಹುಡುಗನು ಬಾಗಲಕೋಟೆಯ ಬಸ್ಸು ನಿಲ್ದಾಣದಲ್ಲಿಯೇ ಅದನ್ನು ತೆಗೆದನು.

ಅವನ ಗಾಡಿಯು ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಎಂಬುದು. ಅಮೇರಿಕದವರು ಅದನ್ನು ಮಿಯಾಟಾ ಎಂದು ಕರೆಯುತ್ತಾರೆ. ಇಬ್ಬರೇ ಕೂಡಬಹುದಾದ, ಮಾಳಿಗೆ ತೆರೆಯುವ ಚಿಕ್ಕ ಬಂಡಿ. 1989ರಲ್ಲಿ ಹೊರಬಂದ ಈ ಜಾತಿಯ ಗಾಡಿಗಳು 2016ರ ವೇಳೆಗೆ ಹತ್ತು ಲಕ್ಷವನ್ನು ಮುಟ್ಟಿದವೆಂದರೆ ಅದರ ಮೇಲೆ ಜನರಿಗಿರುವ ಮೋಹವನ್ನು ಊಹಿಸಬಹುದು. ನಮ್ಮ ಹುಡುಗನದು 1994ರ ಗಾಡಿ, 1.8 ಲೀಟರಿನ ಇಂಜಿನು, 128 ಅಶ್ವಶಕ್ತಿ. ಮೊದಲ ಸಂಬಳ ಕೂಡಿಟ್ಟು ಕೊಂಡದ್ದು. ಅದಕ್ಕೆ ಟರ್ಬೊ ಹಚ್ಚಿಸಬೇಕೆಂಬುದು ಅವನ ಆಸೆ. ಸಿದ್ಧವಾಗಿ ದೊರೆಯುವ, ಬೋಲ್ಟು ಬಿಗಿದು ಕೂಡಿಸುವ ಕಿಟ್ಟನ್ನು ತರಿಸಬೇಕೋ, ಕೈಗೆಲಸದವನೊಬ್ಬನಿಂದ ಆ ಗಾಡಿಗೆಂದೇ ಹೇಳಿ ಮಾಡಿಸಬೇಕೋ ಎಂಬುದು ಪ್ರಶ್ನೆ. ಎರಡಕ್ಕೂ ಕೆಲವು ಸಾವಿರ ಡಾಲರು ಹಿಡಿಯುವುದು. ಅಷ್ಟು ಹಣವು ಬೇವೂರಿನ ಯಾವ ಮನೆಯಲ್ಲಿಯೂ ಮಾತಿಲ್ಲದೆ ಖರ್ಚಾಗುವ ಹಣವಲ್ಲ.

ಮೋಟಾರಿನ ಒಳಗನ್ನು ಬಲ್ಲದ ವಾಚಕರಿಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಕಮ್ಮಾರನ ಕುಲುಮೆಯನ್ನು ನೀವೆಲ್ಲರೂ ನೋಡಿದ್ದೀರಿ. ಇದ್ದಲು ಅಷ್ಟೇ ಇದ್ದರೂ ತಿದಿಯನ್ನು ಒತ್ತಿದೊಡನೆ ಉರಿಯು ಹೆಚ್ಚುವುದು. ಏಕೆಂದರೆ ಉರಿಗೆ ಬೇಕಾದ ಗಾಳಿಯು ಹೆಚ್ಚಾಗಿ ಒಳಹೊಗುವುದು. ಇಂಜಿನಿನ ಸಿಲಿಂಡರೂ ಒಂದು ಕುಲುಮೆಯೇ. ಸಾಮಾನ್ಯ ಇಂಜಿನು ತಾನೇ ಎಳೆದುಕೊಳ್ಳುವಷ್ಟು ಗಾಳಿಯಲ್ಲಿ ಮಾತ್ರ ಪೆಟ್ರೋಲನ್ನು ಸುಡುವುದು. ಟರ್ಬೊ ಎಂಬುದು ಅದಕ್ಕೆ ಹಚ್ಚಿದ ತಿದಿ. ಆದರೆ ಈ ತಿದಿಯನ್ನು ಒತ್ತುವುದಕ್ಕೆ ಬೇರೆ ಆಳು ಬೇಡ. ಹೊರಗೆ ಹೋಗುವ ಬಿಸಿ ಹೊಗೆಯೇ ಒಂದು ಚಿಕ್ಕ ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವ ಈ ಅಚ್ಚು ಎಣ್ಣೆಯ ತೆಳುವಾದ ಪದರಿನ ಮೇಲೆ ತೇಲುತ್ತಿರುವುದು. ಸ್ವಿಜರ್ಲಂಡಿನ ಆಲ್‌ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು 1905ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದನು. ನಾವು ಬಾಗಲಕೋಟೆಯಿಂದ ಹತ್ತಿದ ಸರಕಾರಿ ಬಸ್ಸಿನ ಡೀಸೆಲ್ ಇಂಜಿನಿನಲ್ಲಿಯೂ ಅದೇ ಯಂತ್ರವು ಶಿಳ್ಳೆ ಹಾಕುತ್ತಿತ್ತು. ಬೇವೂರಿನ ಜನ ಟರ್ಬೊದ ಹೆಸರನ್ನು ಕೇಳದಿದ್ದರೂ ಅದರ ಸವಾರಿಯನ್ನು ದಿನಾಲು ಮಾಡುತ್ತಿರುವರು.

ಡೀಸೆಲ್ಲಿನ ಮಾತು ಬೇರೆ, ಪೆಟ್ರೋಲಿನ ಮಾತು ಬೇರೆ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಒತ್ತಿದಾಗ ಕಾವು ಮೀರಿದರೆ ಅದು ಕಿಡಿಯ ಆಜ್ಞೆಯನ್ನು ಕಾಯದೆ ತನ್ನಷ್ಟಕ್ಕೆ ತಾನೇ ಸಿಡಿಯುವುದು. ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದಾಗುವುದು. ಕೆಲ ನಿಮಿಷಗಳಲ್ಲಿಯೇ ಪಿಸ್ಟನ್ನು ಒಡೆಯಬಹುದು. ಅಮೇರಿಕೆಯ ಓಲ್ಡ್ಸ್‌ಮೊಬೀಲ್ ಕಂಪನಿಯು 1962ರಲ್ಲಿ ಜೆಟ್‌ಫಾಯರ್ ಎಂಬ ಟರ್ಬೊ ಕಾರನ್ನು ಹೊರತಂದಾಗ ಈ ಸಿಡಿತವನ್ನು ತಡೆಯಲು ನೀರು ಮತ್ತು ಮೆಥನಾಲಿನ ಒಂದು ದ್ರವವನ್ನು ಬೇರೆ ತೊಟ್ಟಿಯಲ್ಲಿಟ್ಟು ಇಂಜಿನಿಗೆ ಸಿಂಪಡಿಸುವ ಏರ್ಪಾಡು ಮಾಡಿತ್ತು. ಕೊಂಡವರಲ್ಲಿ ಬಹಳ ಜನ ಆ ತೊಟ್ಟಿಯನ್ನು ತುಂಬುವುದನ್ನೇ ಮರೆತರು. ಕೊನೆಗೆ ಎಷ್ಟೋ ಗಾಡಿಗಳಿಂದ ಟರ್ಬೊವನ್ನು ಕಿತ್ತು ಸಾದಾ ಕಾರ್ಬುರೇಟರನ್ನು ಹಚ್ಚಬೇಕಾಯಿತು. ದೊಡ್ಡ ಕಂಪನಿಯೇ ತನ್ನ ಕಾರಖಾನೆಯಲ್ಲಿ ಮಾಡಿ ಕೊಟ್ಟ ಟರ್ಬೊದ ಗತಿ ಇದು. ಮನೆಯ ಹಿತ್ತಲಲ್ಲಿ ಹಚ್ಚುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಬೇವೂರಿನಲ್ಲಿ ಮೊದಲ ದಿನ ಸಂಜೆ ಈ ವಿಚಾರಕ್ಕೆ ತಾನಾಗಿ ಒಂದು ಸಭೆ ಕೂಡಿತು. ಭಾವನವರ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ನಾಲ್ಕು ಜನ ಹಿರಿಯರು ಬಂದು ಕುಳಿತರು; ಅಮೇರಿಕೆಯ ಹುಡುಗನು ಏನು ಹೇಳುವನೆಂದು ಕೇಳುವ ಕುತೂಹಲ. ಅವನು ತನ್ನ ಗಾಡಿಯ ಚಿತ್ರವನ್ನು ತೋರಿಸಿ ಎರಡೂ ದಾರಿಗಳನ್ನು ವಿವರಿಸಿದನು. ಕಟ್ಟೆಯ ಆಚೆ ಒಂದು ಹಳೆಯ ಕೂರಿಗೆಯು ಗೋಡೆಗೆ ಆನಿಸಿತ್ತು. ಅದರ ಪಕ್ಕಕ್ಕೆ ಟ್ರ್ಯಾಕ್ಟರು, ಅದರ ಬೆನ್ನಿಗೆ ಕಬ್ಬಿಣದ ಬಿತ್ತುವ ಯಂತ್ರ. ಹಿರಿಯರೊಬ್ಬರು ಅವೆರಡನ್ನೂ ನೋಡಿ, “ಅಂದರ, ಒಂದು ಕೂರಿಗಿ, ಒಂದು ಟ್ರ್ಯಾಕ್ಟರ್ ಸಾಮಾನು ಅನ್ನು” ಎಂದರು.

ಈ ಹೋಲಿಕೆಯನ್ನು ನಾವು ಕೊನೆಯವರೆಗೂ ಬಿಡಲಿಲ್ಲ. ಕೂರಿಗೆಯನ್ನು ಊರ ಬಡಿಗನು ಒಬ್ಬೊಬ್ಬ ಒಕ್ಕಲಿಗನಿಗೆ ಬೇರೆ ಬೇರೆಯಾಗಿ ಮಾಡುವನು. ಯಾವ ನೆಲ, ಯಾವ ಬೀಜ, ಎತ್ತುಗಳ ಎತ್ತರವೆಷ್ಟು, ತಾಳುಗಳ ನಡುವೆ ಎಷ್ಟು ಅಂತರ ಬೇಕು ಎಂಬುದನ್ನು ಕೇಳಿ, ಮರವನ್ನು ಆರಿಸಿ, ಬಟ್ಟಲನ್ನು ಕೊರೆದು ಕೂಡಿಸುವನು. ಅದು ಆ ಹೊಲಕ್ಕೆ ಒಪ್ಪುವಂತೆ ಬೇರೆ ಯಾವುದೂ ಒಪ್ಪದು. ಟ್ರ್ಯಾಕ್ಟರಿನ ಸಾಮಾನು ಹಾಗಲ್ಲ. ಹ್ಯಾರಿ ಫರ್ಗ್ಯೂಸನ್ ಎಂಬ ಐರಿಷ್ ಮನುಷ್ಯನು ರೂಢಿಗೆ ತಂದ ಮೂರು ಕೊಂಡಿಗಳ ಜೋಡಣೆಯು 1939ರಲ್ಲಿ ಫೋರ್ಡ್ ಟ್ರ್ಯಾಕ್ಟರುಗಳಲ್ಲಿ ಬಂದ ಮೇಲೆ ಲೋಕದ ತುಂಬ ಹಬ್ಬಿತು. ಈಗ ಯಾವ ಊರಿನ ರಂಟೆಯಾದರೂ, ಯಾವ ಊರಿನ ಬಿತ್ತುವ ಯಂತ್ರವಾದರೂ ಅಳತೆಯೊಂದು ಸರಿಯಿದ್ದರೆ ಮೂರು ಪಿನ್ನು ಹಾಕಿದೊಡನೆ ಕೂಡಿಕೊಳ್ಳುವುದು. ಹೊಲಕ್ಕೆ ಕೂರಿಗೆಯಷ್ಟು ಒಪ್ಪದಿರಬಹುದು. ಆದರೆ ಮುರಿದರೆ ಬಿಡಿಭಾಗವು ಬಾಗಲಕೋಟೆಯ ಅಂಗಡಿಯಲ್ಲಿ ಸಿಕ್ಕುವುದು.

ಸಿದ್ಧ ಕಿಟ್ಟಿನ ಮುಖ್ಯ ಗುಣವೂ ಅದೇ. ಮಿಯಾಟಾದಂಥ ಗಾಡಿಗಳು ಲಕ್ಷಗಟ್ಟಲೆ ಇರುವುದರಿಂದ ಅವಕ್ಕೆಂದೇ ಕಿಟ್ಟುಗಳನ್ನು ಮಾಡುವ ಕಸುಬು ಬೆಳೆಯಿತು. ಕೊಲೊರಾಡೊ ಪ್ರಾಂತದ ಫ್ಲೈಯಿನ್ ಮಿಯಾಟಾ ಎಂಬ ಸಂಸ್ಥೆಯು ಇದರಲ್ಲಿ ಹೆಸರು ಪಡೆಯಿತು. ಇಂಥ ಕಿಟ್ಟಿನ ಪೆಟ್ಟಿಗೆಯಲ್ಲಿ ಟರ್ಬೊ, ಅದನ್ನು ಇಂಜಿನಿಗೆ ಕೂಡಿಸುವ ಬೀಡಿನ ಕೊಳವೆ, ಹೊಗೆಯ ಕೊಳವೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರು, ಎಣ್ಣೆಯ ನಳಿಗೆಗಳು, ಹೆಚ್ಚು ಪೆಟ್ರೋಲು ಬಿಡುವ ಇಂಜೆಕ್ಟರುಗಳು, ಇವೆಲ್ಲವನ್ನೂ ಆಳುವ ವಿದ್ಯುತ್ ಮಿದುಳು ಇರತಕ್ಕದ್ದು. ಇದಕ್ಕೂ ಮಿಗಿಲಾಗಿ, ಅದೇ ಇಂಜಿನಿನ ಮೇಲೆ ಅನೇಕರು ಅದನ್ನು ಹಚ್ಚಿ, ಓಡಿಸಿ, ಸುಟ್ಟು, ತಿದ್ದಿದ ಅನುಭವವು ಆ ಪೆಟ್ಟಿಗೆಯೊಡನೆ ಬರುವುದು. ನಾವು ಕೊಡುವ ಹಣದಲ್ಲಿ ಅರ್ಧ ಪಾಲು ಈ ಅನುಭವಕ್ಕೇ ಸಲ್ಲುವುದೆಂದು ನಮ್ಮ ಎಣಿಕೆ.

ಆದರೆ “ಬೋಲ್ಟು ಬಿಗಿದರಾಯಿತು” ಎಂಬ ಮಾರಾಟಗಾರರ ಮಾತನ್ನು ಅಕ್ಷರಶಃ ನಂಬಬಾರದು. ಅಗ್ಗದ ಪೆಟ್ಟಿಗೆಗಳಲ್ಲಿ ಎಲ್ಲವೂ ಇದ್ದು ಮಿದುಳೊಂದು ಇಲ್ಲದಿರುವುದುಂಟು. ಹೊಳೆಯುವ ಕೊಳವೆಗಳನ್ನು ಕಂಡು ಮರುಳಾಗಿ ಕೊಂಡವನಿಗೆ ಬಳಿಕ ಆ ಒಂದು ಸಾಮಾನೇ ಮಿಕ್ಕೆಲ್ಲದರಷ್ಟು ತುಟ್ಟಿಯಾಗಿ ಬೀಳುವುದು. ಹೆಚ್ಚಿದ ಬಲವನ್ನು ತಾಳದೆ ಹಳೆಯ ಕ್ಲಚ್ಚು ಜಾರತೊಡಗುವುದು, ರೇಡಿಯೇಟರು ಸಾಲದಾಗುವುದು. ಇದಕ್ಕೆಲ್ಲ ಮೊದಲು ಮೂವತ್ತು ವರ್ಷ ದಾಟಿದ ಇಂಜಿನಿನ ನಾಲ್ಕೂ ಸಿಲಿಂಡರುಗಳಲ್ಲಿ ಒತ್ತಡವು ಒಂದೇ ಸಮನಾಗಿ ನಿಲ್ಲುವುದೋ ಎಂದು ಅಳೆಯಿಸಬೇಕು. ನಾವು ಕೇಳಿದಾಗ ಹುಡುಗನು ಅಳೆಯಿಸಿರಲಿಲ್ಲ. ಸವೆದ ಇಂಜಿನಿಗೆ ಟರ್ಬೊ ಹಚ್ಚುವುದೆಂದರೆ ಹಣ್ಣಾದ ಎತ್ತಿಗೆ ಎರಡು ಬಂಡಿಯ ಹೇರು ಹೊರಿಸಿದಂತೆ.

ಹೇಳಿ ಮಾಡಿಸಿದ್ದರ ಪರವಾಗಿ ಹುಡುಗನು ಚೆನ್ನಾಗಿಯೇ ವಾದಿಸಿದನು. “ಮಾಮಾ, ಕಿಟ್ಟು ಮಾಡಾವ್ರು ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲಿತಾರ. ನನಗ ಯಾವ ಸುತ್ತಿನಾಗ ಬಲ ಬೇಕೋ ಆ ಸುತ್ತಿಗೆ ಒಪ್ಪೂ ಟರ್ಬೊ ನಾನ ಆರಿಸಬಹುದಲ್ಲಾ” ಎಂದನು. ಮಾತು ಸುಳ್ಳಲ್ಲ. ದೊಡ್ಡ ಟರ್ಬೊ ಹಚ್ಚಿದರೆ ಕೊನೆಯಲ್ಲಿ ಬಲ ಹೆಚ್ಚು, ಆದರೆ ಚಕ್ರವು ವೇಗಕ್ಕೆ ಬರುವವರೆಗೆ ಕಾಯಬೇಕು. ಚಿಕ್ಕದನ್ನು ಹಚ್ಚಿದರೆ ಬೇಗ ಎಚ್ಚರಗೊಳ್ಳುವುದು, ಬೇಗ ದಣಿಯುವುದು. ಇವುಗಳ ನಡುವಣ ಆಯ್ಕೆಯನ್ನು ಬಲ್ಲ ಕೈಗೆಲಸದವನು ಒಡೆಯನ ಬಯಕೆಗೆ ಸರಿಯಾಗಿ ಮಾಡಬಲ್ಲನು. ಪಂದ್ಯಕ್ಕೆಂದೇ ಮೀಸಲಾದ ಗಾಡಿಗೆ, ಅಥವಾ ಯಾರೂ ಕಿಟ್ಟು ಮಾಡದಂಥ ಅಪರೂಪದ ಗಾಡಿಗೆ ಇದಲ್ಲದೆ ಬೇರೆ ದಾರಿಯೂ ಇಲ್ಲ. ಹುಡುಗನು ಗೊತ್ತುಮಾಡಿದ್ದ ಬೆಸುಗೆಗಾರನು ಬಹು ಕುಶಲನಂತೆ; ಅವನು ಮಾಡಿದ ಉಕ್ಕಿನ ಕೊಳವೆಗಳ ಚಿತ್ರಗಳು ಕಣ್ಣು ಕೋರೈಸುವಂತಿದ್ದವು. ಆದರೆ ಎಂಟುನೂರು ಒಂಬತ್ತುನೂರು ಡಿಗ್ರಿಯ ಕಾವಿನಲ್ಲಿ ದಿನಕ್ಕೆ ಹತ್ತು ಸಲ ಹಿಗ್ಗಿ ಕುಗ್ಗುವ ಕೊಳವೆಯು ಬಿರಿಯುವುದಾದರೆ ಬೆಸುಗೆಯ ಹತ್ತಿರವೇ ಬಿರಿಯುವುದು. ಆಗ ಮತ್ತೆ ಆ ಬೆಸುಗೆಗಾರನೇ ಬೇಕು.

ಕೂರಿಗೆಯ ಮಾತನ್ನೆತ್ತಿದ ಹಿರಿಯರು ಇಷ್ಟು ಹೊತ್ತು ಕೇಳುತ್ತ ಕುಳಿತಿದ್ದವರು, “ತಮ್ಮಾ, ನಮ್ಮ ಕೂರಿಗಿ ಮುರದರ ನಾ ರಾತ್ರಿ ಹೋಗಿ ಬಡಿಗ್ಯಾರ ಬಾಗಿಲಾ ಬಡೀತೀನಿ. ನಿನ್ನ ಬಡಿಗ್ಯಾ ಎಷ್ಟು ಹರದಾರಿ ಮ್ಯಾಲ ಇರ್ತಾನು?” ಎಂದು ಕೇಳಿದರು.

“ಅರವತ್ತು ಮೈಲರಿ ಅಜ್ಜಾರ. ಮುಂದಿನ ವರ್ಷ ಟೆಕ್ಸಾಸಕ್ಕ ಹೋಗ್ತಾನಂತ.”

“ಹಂಗಾರ ಅಂವಾ ಬಡಿಗ್ಯಾ ಅಲ್ಲ, ಬೀಗ” ಎಂದರು ಹಿರಿಯರು. ಕಟ್ಟೆಯೆಲ್ಲ ನಕ್ಕಿತು.

ಮರುದಿನ ಹುನಗುಂದದ ದಾರಿ ಹಿಡಿದೆವು. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡದ್ದನ್ನು ಬಿಟ್ಟರೆ ದಾರಿಯಲ್ಲಿ ಹೇಳುವಂಥದೇನೂ ನಡೆಯಲಿಲ್ಲ. ಬಿಸಿಲಿನ ಮಾತೊಂದು ಉಳಿಯಿತು. ಕಿಟಕಿಯಿಂದ ಬರುವ ಗಾಳಿಯು ಒಲೆಯ ಬಾಯಿಯ ಉಸಿರಿನಂತಿತ್ತು. ನಾವು ಕಾಗದ ತೆಗೆದು ಹುಡುಗನಿಗೆ ಒಂದು ಲೆಕ್ಕ ಮಾಡಿ ತೋರಿಸಿದೆವು. ಅರ್ಧ ವಾತಾವರಣದಷ್ಟು, ಎಂದರೆ ಚದರ ಅಂಗುಲಕ್ಕೆ ಸುಮಾರು 7 ಪೌಂಡಿನಷ್ಟು, ಹೆಚ್ಚಿನ ಒತ್ತಡವನ್ನು ಟರ್ಬೊ ಕೊಡುವುದೆಂದು ಇಟ್ಟುಕೊಳ್ಳೋಣ. ಒತ್ತಿದ ಗಾಳಿ ಕಾಯುವುದು ಸೈಕಲ್ಲಿನ ಪಂಪು ಹಿಡಿದವರೆಲ್ಲರೂ ಕಂಡ ಸಂಗತಿ. ನೂರಕ್ಕೆ ಎಪ್ಪತ್ತರಷ್ಟು ದಕ್ಷತೆಯ ಟರ್ಬೊದಲ್ಲಿ ಹೊರಗಿನ ಗಾಳಿ 15 ಡಿಗ್ರಿಯಿದ್ದರೆ ಒತ್ತಿದ ಮೇಲೆ ಸುಮಾರು 65 ಡಿಗ್ರಿಯಾಗುವುದು. ಅದೇ 40 ಡಿಗ್ರಿಯಿದ್ದರೆ ಸುಮಾರು 95 ಡಿಗ್ರಿಗೆ ಏರುವುದು. ಚಹದ ನೀರು ಕುದಿಯುವುದಕ್ಕೆ ಐದು ಡಿಗ್ರಿ ಮಾತ್ರ ಕಡಿಮೆ! ಇಂಟರ್‌ಕೂಲರು ಅದನ್ನು ತಣಿಸುವುದು ನಿಜ. ಆದರೆ ಹೊರಗಿನ ಗಾಳಿಗಿಂತ ತಂಪಾಗಿ ಮಾಡಲಾರದು. ಕಡಲ ತಂಪಿನಲ್ಲಿ ಹದಗೊಳಿಸಿದ ಇಂಜಿನು ಬಾಗಲಕೋಟೆಯ ಚೈತ್ರದಲ್ಲಿ ಬಡಿದುಕೊಂಡರೆ ಸೋಜಿಗವಿಲ್ಲ.

ಎಣ್ಣೆಯ ಮಾತೂ ಹಾಗೆಯೇ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿಗಳ ಕಡೆ ಕಬ್ಬು ಹೇರಳ. ಸಕ್ಕರೆ ಕಾರಖಾನೆಗಳು ಈಗ ಸಕ್ಕರೆಯೊಡನೆ ಎಥನಾಲನ್ನೂ ಮಾಡುತ್ತವೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20ರಷ್ಟು ಎಥನಾಲು ಬೆರೆಸಿದ ಪೆಟ್ರೋಲು ಸಾಮಾನ್ಯವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾದದ್ದು ನೂರಕ್ಕೆ 10. ಒಂದು ಪಾಲು ಪೆಟ್ರೋಲು ಸುಡಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಒಂದು ಪಾಲು ಎಥನಾಲಿಗೆ 9 ಪಾಲು ಸಾಕು. ಆದುದರಿಂದ ಎಥನಾಲು ಹೆಚ್ಚಿದಷ್ಟೂ ಅದೇ ಗಾಳಿಗೆ ಹೆಚ್ಚು ಎಣ್ಣೆಯನ್ನು ಬಿಡಬೇಕು. ಎಥನಾಲು ಸಿಡಿತವನ್ನು ತಡೆಯುವುದರಿಂದ ಟರ್ಬೊದವರಿಗೆ ಪ್ರಿಯವಾದದ್ದೇ. ಆದರೆ ಒಂದು ಊರಿನ ಎಣ್ಣೆಗೆ ಬರೆದ ಲೆಕ್ಕವನ್ನು ಇನ್ನೊಂದು ಊರಿನಲ್ಲಿ ನೋಡದೆ ನಡೆಸಬಾರದು. ಸಿದ್ಧ ಕಿಟ್ಟಿನಲ್ಲಿಯೂ ಈ ಹದವನ್ನು ಆ ಗಾಡಿಯ ಮೇಲೆಯೇ, ಗಾಲಿಗಳನ್ನು ಉರುಳೆಗಳ ಮೇಲೆ ತಿರುಗಿಸಿ ಬಲವನ್ನು ಅಳೆಯುವ ಯಂತ್ರದಲ್ಲಿ, ಮಾಡಿಸಬೇಕು. ಆ ಮಟ್ಟಿಗೆ ಸಿದ್ಧ ಕಿಟ್ಟೂ ಹೇಳಿ ಮಾಡಿಸಿದ್ದೇ ಆಗಿರುತ್ತದೆ.

ಇಳಕಲ್ಲನ್ನು ಮುಟ್ಟಿದಾಗ ಮೂರನೆಯ ಪ್ರಹರ. ನಸುಗೆಂಪು ಗ್ರಾನೈಟಿನ ಬಂಡೆಗಳನ್ನು ಹೇರಿದ ಲಾರಿಗಳು ದಾರಿಯಲ್ಲಿ ಸಿಕ್ಕವು. ಅನುಭವಿಗಳಾದ ಚಾಲಕರು ಗಾಡಿ ನಿಂತೊಡನೆ ಇಂಜಿನು ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಗೊಡುವರು. ಕಾದ ಟರ್ಬೊದ ಅಚ್ಚಿಗೆ ಎಣ್ಣೆ ನಿಂತುಬಿಟ್ಟರೆ ಅದು ಅಲ್ಲಿಯೇ ಕರಿಕಟ್ಟುವುದು. ಇದನ್ನು ಹುಡುಗನಿಗೆ ತೋರಿಸಿ, ಯಾವ ಕಿಟ್ಟು ಹಚ್ಚಿದರೂ ಈ ಅಭ್ಯಾಸವೊಂದನ್ನು ಕಲಿಯೆಂದೆವು.

ಇಳಕಲ್ಲಿಗೆ ಹೋಗಿ ಮಗ್ಗ ನೋಡದೆ ಬರುವವರುಂಟೆ? ತಂಗಿಗೆ ಒಂದು ಸೀರೆಯನ್ನೂ ಕೊಳ್ಳುವುದಿತ್ತು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಮನೆ ಮನೆಯಿಂದ ಬರುತ್ತಿತ್ತು. ಇಳಕಲ್ ಸೀರೆಯ ವಿಶೇಷವು ಅದರ ಸೆರಗಿನಲ್ಲಿದೆ. ಮೈಯ ಹಾಸನ್ನು ಬೇರೆಯಾಗಿ, ಸೆರಗಿನ ಹಾಸನ್ನು ಬೇರೆಯಾಗಿ ಸಿದ್ಧಮಾಡುವರು. ಮೈಗೆ ಹತ್ತಿಯ ನೂಲಿದ್ದರೂ ಸೆರಗಿಗೆ ರೇಶಿಮೆ. ಬಳಿಕ ಎರಡು ಹಾಸುಗಳ ಎಳೆ ಎಳೆಯನ್ನೂ ಕೊಂಡಿ ಹಾಕಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವರು. ತೋಪ ತೆನಿ ಎಂದು ಇದರ ಹೆಸರು. ಹದಿನಾರರಿಂದ ಇಪ್ಪತ್ತೇಳು ಅಂಗುಲದ ಸೆರಗಿಗಾಗಿ ಇಷ್ಟು ಪಾಡು! ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು. ಹುಡುಗನು ಬಹಳ ಹೊತ್ತು ಆ ಕೂಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದನು. ನೇಯ್ಗೆಯಾದ ಮೇಲೆ ಅದು ಕಾಣುವುದೇ ಕಷ್ಟ. ಮನೆಯೊಡತಿಯು, “ಸೀರಿ ಎಲ್ಲಾ ಗಂಡಸರು ನೇಯ್ಲಿ ಯಪ್ಪಾ, ಈ ಕೂಡ್ಸೂದು ಮಾತ್ರ ಕೈ ಬಲ್ಲವ್ರ ಮಾಡಬೇಕು. ಒಂದು ಎಳಿ ತಪ್ಪಿದರ ಸೆರಗು ಅಲ್ಲೇ ಹರೀತೈತಿ” ಎಂದಳು.

ಹೇಳಿ ಮಾಡಿಸಿದ ಟರ್ಬೊದ ಕಷ್ಟವು ನಮಗೆ ಅಲ್ಲಿ ತಿಳಿಯಾಗಿ ಕಂಡಿತು. ಟರ್ಬೊವನ್ನು ಯಾರೂ ಮನೆಯಲ್ಲಿ ಮಾಡುವುದಿಲ್ಲ. ಅದು ಎರಡೂ ದಾರಿಯಲ್ಲಿ ಕಾರಖಾನೆಯದೇ. ಕೆಡುವುದೆಲ್ಲ ಕೂಡಿಕೆಗಳಲ್ಲಿ: ಹೊಗೆ ಸೋರುವ ಸಂದು, ಎಣ್ಣೆ ಹಿಂದಿರುಗದ ನಳಿಗೆ, ಗಾಳಿಗೂ ಪೆಟ್ರೋಲಿಗೂ ಹೊಂದದ ಲೆಕ್ಕ. ಆ ಕೂಡಿಕೆಗಳಿಗೆ ಹೊಣೆ ಹೊರುವವರು ಯಾರೆಂದು ಕೇಳಬೇಕು. ಇಳಕಲ್ಲಿನ ನೇಕಾರರಂತೆ ಒಂದೇ ಕಸುಬನ್ನು ತಲೆಮಾರುಗಟ್ಟಲೆ ಮಾಡಿದ ಕೈ ನೆರೆಯಲ್ಲಿದ್ದರೆ ಹೇಳಿ ಮಾಡಿಸಿದ್ದಕ್ಕೆ ಸಮನಾದುದಿಲ್ಲ. ಇಲ್ಲದಿದ್ದರೆ ಪೆಟ್ಟಿಗೆಯೇ ಲೇಸು.

ಕಾಯಿದೆಯ ವಿಚಾರವನ್ನು ನಾವು ಇಳಕಲ್ಲಿನಿಂದ ಬಾದಾಮಿಗೆ ಹೋಗುವಾಗ ಮುಗಿಸಿದೆವು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯಲ್ಲಿ ಕಾರಖಾನೆಯವರು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೂ ಆರು ತಿಂಗಳವರೆಗಿನ ಸೆರೆಯನ್ನೂ ಹೇಳಿತು. ಆದುದರಿಂದ ಇಲ್ಲಿಯ ತರುಣರು ಈ ಲೇಖನವನ್ನೋದಿ ತಮ್ಮ ಗಾಡಿಗೆ ಟರ್ಬೊ ಹಚ್ಚಿಸಹೋಗಬಾರದೆಂದು ವಿನಂತಿ. ಕ್ಯಾಲಿಫೋರ್ನಿಯಾದ ಕಟ್ಟಳೆಯೂ ಸಡಿಲವಲ್ಲ. ಅಲ್ಲಿಯ ವಾಯುಸಂಪನ್ಮೂಲ ಮಂಡಲಿಯು ಪರೀಕ್ಷಿಸಿ ಆದೇಶದ ಸಂಖ್ಯೆಯನ್ನು ಕೊಟ್ಟ ಸಲಕರಣೆಯನ್ನು ಮಾತ್ರ ಬೀದಿಯ ಗಾಡಿಗೆ ಹಚ್ಚಬಹುದು. ಎರಡು ವರ್ಷಕ್ಕೊಮ್ಮೆ ಹೊಗೆಯ ಪರೀಕ್ಷೆ; ಹಳೆಯ ಗಾಡಿಯನ್ನು ಮಾರುವಾಗಲೂ ಆ ಪರೀಕ್ಷೆಯ ಪತ್ರವನ್ನು ಕೊಡಬೇಕು. ಒಂದೇ ಗಾಡಿಗಾಗಿ ಹೇಳಿ ಮಾಡಿಸಿದ್ದಕ್ಕೆ ಅಂಥ ಆದೇಶ ದೊರೆಯುವುದು ಬಹುಮಟ್ಟಿಗೆ ಆಗದ ಮಾತು. ಸಿದ್ಧ ಕಿಟ್ಟುಗಳಲ್ಲಿಯೂ ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ. ಇಂಜಿನಿನ ವರ್ಷವನ್ನು ಹೇಳಿ ಸಂಖ್ಯೆಯನ್ನು ಕೇಳಿ ತಿಳಿಯಬೇಕು.

ಬಾದಾಮಿಯಲ್ಲಿ ಮೇಲಣ ಗುಹೆಗಳಿಗೆ ಹತ್ತಿದೆವು. ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಕ್ರಿ. ಶ. 578ರಲ್ಲಿ ಮುಗಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುವುದು. ಕಂಬ, ಬೋದಿಗೆ, ಮಾಡು, ಮೂರ್ತಿ ಎಲ್ಲವೂ ಒಂದೇ ಗುಡ್ಡದ ಕಲ್ಲು. ಕೂಡಿಕೆ ಎಂಬುದೇ ಇಲ್ಲ. ಅದನ್ನು ನೋಡುತ್ತ ನಮಗೆ ಮೂರನೆಯ ದಾರಿಯ ನೆನಪಾಯಿತು. ಕಾರಖಾನೆಯವರೇ ಮೊದಲಿನಿಂದ ಟರ್ಬೊಕ್ಕೆಂದು ಎಣಿಸಿ ಕಟ್ಟಿದ ಗಾಡಿಗಳುಂಟು. ಪಿಸ್ಟನ್ನಿನಿಂದ ಹಿಡಿದು ನೀರಿನ ಕೊಳವೆಯವರೆಗೆ ಎಲ್ಲವೂ ಅದಕ್ಕೆ ಹೊಂದಿರುವುವು. ಮಾಜ್ದಾ ಕಂಪನಿಯೇ 2004 ಮತ್ತು 2005ರಲ್ಲಿ ಇದೇ ಮಿಯಾಟಾದ 178 ಅಶ್ವಶಕ್ತಿಯ ಟರ್ಬೊ ಗಾಡಿಯನ್ನು ಅಮೇರಿಕೆಯಲ್ಲಿ ಮಾರಿತ್ತು. ಹಳೆಯದನ್ನು ಕೊಟ್ಟು ಅಂಥದನ್ನು ಕೊಂಡರೆ ಕಿಟ್ಟಿನ ಗೊಡವೆಯೇ ಇಲ್ಲ. ಇದನ್ನು ಹೇಳಿದಾಗ ಹುಡುಗನು ಅಗಸ್ತ್ಯತೀರ್ಥದ ಹಸುರು ನೀರನ್ನು ನೋಡುತ್ತ, “ಅದು ನನ್ನ ಗಾಡಿ ಅಲ್ಲಲ್ಲ ಮಾಮಾ” ಎಂದನು. ಲೆಕ್ಕವು ಅಲ್ಲಿಗೆ ನಿಂತಿತು. ಮೊದಲ ಸಂಬಳದಲ್ಲಿ ಕೊಂಡ ವಸ್ತುವಿಗೆ ಬದಲು ವಸ್ತು ಇಲ್ಲವೆಂಬುದನ್ನು ನಾವೂ ಬಲ್ಲೆವು.

ನಾಲ್ಕನೆಯ ದಿನ ಕತ್ತಲಾದ ಮೇಲೆ ಬೇವೂರಿಗೆ ಬಂದೆವು. ಊಟಕ್ಕೆ ಕುಳಿತಾಗ ತಂಗಿಯು ಬಿಸಿ ರೊಟ್ಟಿಯನ್ನು ಬಡಿಸುತ್ತಿದ್ದಳು. ಭಾವನವರು ಈ ನಾಲ್ಕು ದಿನವೂ ಟರ್ಬೊದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಈಗ ತಲೆಯೆತ್ತದೆ, “ಎರಡು ವರ್ಷಕ್ಕ ಬರ್ತೀನಿ ಅಂದೀದಿ. ಬರೂವಾಗ ಆ ಗಾಡಿ ತರತೀಯೇನು?” ಎಂದು ಕೇಳಿದರು.

ತರುವಂತಿಲ್ಲವೆಂದು ನಾವೇ ಹೇಳಿದೆವು. ಮೂರು ವರ್ಷಕ್ಕಿಂತ ಹಳೆಯದಾದ, ಎಡಗಡೆ ಚುಕ್ಕಾಣಿಯ ಗಾಡಿಯನ್ನು ತರಿಸಲು ನಮ್ಮ ಸರಕಾರದ ಆಮದಿನ ನಿಯಮಗಳು ಬಿಡುವುದಿಲ್ಲ. ಅಲ್ಲಿಯೇ ಮಾರಿ ಬರಬೇಕು.

“ಹಂಗಾರ ಮಾರೂವಾಗ ಅದನ್ನ ಬಿಚ್ಚಾಕ ಬರತೈತೇನು?”

ನಾಲ್ಕು ದಿನ ನಾವಿಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿದ್ದರು. ಮಾರ್ಪಡಿಸಿದ ಗಾಡಿಯನ್ನು ಕೊಳ್ಳುವವರು ಕಡಿಮೆ. ಆದರೆ ಸಿದ್ಧ ಕಿಟ್ಟನ್ನು ಬಿಚ್ಚಿ ಬೇರೆಯಾಗಿ ಮಾರಬಹುದು, ಹಳೆಯ ಕೊಳವೆಗಳನ್ನು ತೆಗೆದಿಟ್ಟಿದ್ದರೆ ಮತ್ತೆ ಹಚ್ಚಬಹುದು, ಗಾಡಿಯು ಕಾರಖಾನೆಯಿಂದ ಬಂದಂತೆಯೇ ಆಗುವುದು. ಕೊಯ್ದು ಬೆಸೆದು ಮಾಡಿಸಿದ್ದಕ್ಕೆ ಹಿಂದಿರುಗುವ ದಾರಿ ಬಹಳ ಕಷ್ಟ. ಹುಡುಗನು ರೊಟ್ಟಿಯನ್ನು ಮುರಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಿಟ್ಟು ಆದರ ಬಿಚ್ಚಬಹುದು ಅಪ್ಪಾ. ಆದರ ಟರ್ಬೊದ ಎಣ್ಣಿ ತಿರುಗಿ ಬರಾಕ ಇಂಜಿನದ ಕೆಳಗಿನ ಎಣ್ಣಿ ತಟ್ಟಿಗೆ ಒಂದು ತೂತು ಕೊರೀಬೇಕಾಗತೈತಿ. ಅದು ಮಾತ್ರ ಉಳೀತೈತಿ” ಎಂದನು.

“ಒಂದು ತೂತು ತಾನ? ಬಿರಡಿ ಬಡದರಾತು” ಎಂದರು ಭಾವನವರು; ಮಜ್ಜಿಗೆಯ ತಂಬಿಗೆಯನ್ನು ಮಗನ ಕಡೆಗೆ ಸರಿಸಿದರು.

ಅವನು ಆ ರಾತ್ರಿಯೇ ಬೆಸುಗೆಗಾರನಿಗೆ ಬೇಡವೆಂದು ಬರೆದನು. ಕಿಟ್ಟಿನವರಿಗೆ 1994ರ ಇಂಜಿನಿಗೆ ಮಂಡಲಿಯ ಆದೇಶದ ಸಂಖ್ಯೆ ಇದೆಯೇ, ಮಿದುಳು ಪೆಟ್ಟಿಗೆಯೊಳಗೇ ಬರುವುದೇ ಎಂದು ಕೇಳಿದನು. ಸಿಲಿಂಡರುಗಳ ಒತ್ತಡವನ್ನು ಅಳೆಯಿಸುವುದಕ್ಕೆ ತನ್ನ ಊರಿನ ಮೆಕ್ಯಾನಿಕನಲ್ಲಿ ದಿನ ಗೊತ್ತುಮಾಡಿದನು. ಅದು ಸರಿಬಾರದಿದ್ದರೆ ಟರ್ಬೊ ಬೇಡ, ಗಾಡಿಯು ಇದ್ದ ಹಾಗೆಯೇ ಓಡಲಿ ಎಂದು ನಮ್ಮೆದುರಿಗೆ ಒಪ್ಪಿಕೊಂಡನು. ಅವನು ಬಾಗಲಕೋಟೆಯಲ್ಲಿ ರೈಲು ಹತ್ತುವವರೆಗೂ ಕಿಟ್ಟಿನವರ ಉತ್ತರವು ಬಂದಿರಲಿಲ್ಲ.